ಬೆಂಚಿಗೊಬ್ಬ ಹೆಂಗಸು ಬೇಕು

ಟಾಮರಾಕ್ ರಿಂಗೆಟ್ ಸಂಘದ ಅಧ್ಯಕ್ಷೆಯಾಗಿ ಈ ಸಂಜೆಯನ್ನು ನಡೆಸಿಕೊಡುತ್ತಿರುವ ಜಿನೆಟ್ ಲಾಫ್ರನಿಯೇರ್ ಅವರೇ, ಬೆಳಗಿನಿಂದ ಮೂರು ಸಮಾರಂಭ ಮುಗಿಸಿ ನಾಲ್ಕನೆಯದಕ್ಕೆ ಇಲ್ಲಿಗೆ ಬಂದು ಕಣ್ಣು ತೆರೆದುಕೊಂಡೇ ಕುಳಿತಿರುವ ನಮ್ಮ ಮೇಯರ್ ಅವರೇ, ಊರಿನ ಐಸ್ ಅಂಗಣದ ಸಮಿತಿಯ ಮುಖ್ಯಸ್ಥನೂ ನನ್ನ ಒಡಹುಟ್ಟಿದ ತಮ್ಮನೂ ಆದ ಆರ್ವೋ, ಇವತ್ತಿನ ಸನ್ಮಾನಕ್ಕೆ ಪಾತ್ರರಾದ ಮೂವರು ಹುಡುಗಿಯರೇ, ಅಪ್ಪಂದಿರೇ, ಅಮ್ಮಂದಿರೇ, ಮೇಜಿನ ಕೆಳಗೆ ಸೇರಿಕೊಂಡಿರುವ ಪುಟಾಣಿಗಳೇ, ಹಾಗೂ ಊಟದ ವಾಸನೆ ಮೂಗಿಗೆ ಬಿದ್ದರೂ ಕುರ್ಚಿ ಬಿಟ್ಟು ಏಳದೆ ಕುಳಿತಿರುವ ಸಭಿಕರೇ,

ಐದು ನಿಮಿಷ ಮಾತಾಡಿ ಎಂದು ಜಿನೆಟ್ ಹೇಳಿದ್ದಾರೆ. ಅವರು ಇಪ್ಪತ್ತು ವರ್ಷದಿಂದ ನನ್ನನ್ನು ಬಲ್ಲವರು. ಆದರೂ ಐದು ನಿಮಿಷ ಎಂದು ಹೇಳುವ ಧೈರ್ಯ ಮಾಡಿದ್ದಾರಲ್ಲ, ಅದಕ್ಕೆ ಮೊದಲ ವಂದನೆ.

ನಾನು ಭಾಷಣ ಮಾಡುವವಳಲ್ಲ. ಈ ಸಭಾಂಗಣದಲ್ಲಿ ಎಷ್ಟೋ ಮದುವೆಗಳಿಗೆ, ಎಷ್ಟೋ ತಿಥಿಯೂಟಗಳಿಗೆ ಆ ಹಿಂದಿನ ಬಾಗಿಲಿನಿಂದ ಕಾಫಿ ತಂದುಕೊಟ್ಟವಳು. ಮುಂದಿನ ಬಾಗಿಲಿನಿಂದ ಬಂದು ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ಹಾಗಾದರೆ ನನ್ನನ್ನೇಕೆ ಕರೆದರು? ಈ ಮೂವರು ಹುಡುಗಿಯರು ಹಟ ಹಿಡಿದರು, ಅದಕ್ಕೆ. "ಮುಮ್ಮು ಮಾತಾಡ್ಲಿಲ್ಲ ಅಂದ್ರೆ ನಾವು ವೇದಿಕೆ ಹತ್ತಲ್ಲ" ಎಂದರಂತೆ. ನಮ್ಮ ಫಿನ್ನಿಷ್ ಮನೆಗಳಲ್ಲಿ ಅಜ್ಜಿಗೆ ಮುಮ್ಮು ಎನ್ನುತ್ತೇವೆ. ನನ್ನನ್ನು ಹಾಗೆ ಕರೆಯುವ ಹಕ್ಕು ಇದ್ದದ್ದು ಮೊಮ್ಮಗಳು ಕಾಯಿಸಾಗೆ ಒಬ್ಬಳಿಗೇ. ಈ ಚಳಿಗಾಲ ಮುಗಿಯುವ ಹೊತ್ತಿಗೆ ಇಡೀ ಊರು ಕರೆಯುತ್ತಿದೆ. ಮೊನ್ನೆ ಅಂಚೆ ಕಚೇರಿಯ ಗುಮಾಸ್ತನೂ ಕರೆದ. ಅವನಿಗೆ ನನ್ನಷ್ಟೇ ವಯಸ್ಸು.

ಈ ಮೂವರು ಯಾರು? ನಿಮಗೆಲ್ಲ ಗೊತ್ತು, ಆದರೂ ಹೇಳಬೇಕು, ಹೇಳುವುದಕ್ಕೇ ಅಲ್ಲವೇ ಸನ್ಮಾನ. ದೊಡ್ಡ ತಂಡದ ನಾಯಕಿ ರೋಕ್ಸಾನ್ ಶಾರ್ಬನೋ. ಸೇತುವೆಯಾಚೆಯಿಂದ ಬರುವ ಡ್ಯಾನಿ ಶಾವಾಂಡ, ಇವಳು ಐಸಿನ ಮೇಲೆ ಓಡಿದರೆ ಹಿಂದೆ ಗಾಳಿಯೂ ಉಳಿಯುವುದಿಲ್ಲ. ಮೂರನೆಯವಳು ಗೋಲಿ, ಅಂದರೆ ಗೋಲು ಕಾಯುವವಳು, ಕಾಯಿಸಾ. ಅವಳು ನನ್ನ ಮೊಮ್ಮಗಳೆಂದು ಅವಳ ಬಗ್ಗೆ ಕಡಿಮೆ ಹೇಳಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ತೀರ್ಮಾನ ಮಾಡಿದವಳು ಅವಳು. ನಾನು ಒಪ್ಪಿರಲಿಲ್ಲ.

ಕಳೆದ ಸೆಪ್ಟೆಂಬರ್ ತಿಂಗಳಿಗೆ ಬರುತ್ತೇನೆ. ಪುಟ್ಟ ಮಕ್ಕಳಿಗೆ, ಅಂದರೆ ಐದಾರು ಏಳು ವರ್ಷದ ಹುಡುಗಿಯರಿಗೆ, ಶನಿವಾರ ಬೆಳಿಗ್ಗೆ ಐಸಿನ ಮೇಲಿನ ಈ ರಿಂಗೆಟ್ ಆಟ ಕಲಿಸುತ್ತಿದ್ದ ಡೆಬ್ರಾಳ ಗಂಡನಿಗೆ ಬೇರೆ ಊರಿನ ಗಣಿಯಲ್ಲಿ ಕೆಲಸ ಸಿಕ್ಕಿತು. ಅವರು ಮನೆ ಖಾಲಿ ಮಾಡಿ ಹೋದರು. ಇದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಸಂಘದ ಸಭೆ ಸೇರಿತು. ನಾನು ಕಾಫಿ ಕೊಡಲು ಹೋಗಿದ್ದೆ. ಕಾಫಿ ಕೊಡುವವರ ಮುಂದೆ ಜನ ನಿಜ ಮಾತಾಡುತ್ತಾರೆ, ಇದು ನನ್ನ ಅನುಭವ.

ಜಿನೆಟ್ ಹೇಳಿದರು: "ಕಲಿಸೋರೇ ಇಲ್ಲ ಅಂದ್ಮೇಲೆ ಏನ್ ಮಾಡೋದು. ಪುಟ್ಟ ಮಕ್ಕಳದ್ದು ಒಂದ್ ವರ್ಷ ನಿಲ್ಸೋಣ. ಬರೋ ವರ್ಷ ನೋಡೋಣ."

ಅಂಗಣ ಸಮಿತಿಯ ಪರವಾಗಿ ಬಂದಿದ್ದ ನನ್ನ ತಮ್ಮ ಆರ್ವೋ ತಲೆಯಾಡಿಸಿದ. "ಹಾಗಿದ್ರೆ ಶನಿವಾರ ಬೆಳಗ್ಗೆ ಐಸು ಹುಡುಗರ ಹಾಕಿಗೆ ಕೊಡ್ತೀವಿ. ಅವ್ರು ಕೇಳಿ ಕೇಳಿ ಸಾಕಾಗಿದಾರೆ. ಖಾಲಿ ಬಿಡೋಕಾಗಲ್ಲ."

ಆಗ ಡ್ಯಾನಿ ಎದ್ದಳು. ಅವಳು, ರೋಕ್ಸಾನ್, ಕಾಯಿಸಾ, ಮೂವರೂ ಸಭೆಗೆ ಬಂದದ್ದು ದೊಡ್ಡ ತಂಡದ ಹೊಸ ಅಂಗಿಯ ಬಣ್ಣದ ವಿಚಾರ ಮಾತಾಡಲು. "ಒಂದ್ ವರ್ಷ ನಿಲ್ಸಿದ್ರೆ ಈ ಮಕ್ಕಳು ಎಲ್ಲಿಗ್ ಹೋಗ್ತಾರೆ? ಬರೋ ವರ್ಷ ಯಾರೂ ವಾಪಸ್ ಬರಲ್ಲ. ಕೆಳಗಿನ ಮಕ್ಕಳೇ ಇಲ್ದಿದ್ರೆ ಮೇಲಿನ ತಂಡ ಎಲ್ಲಿಂದ ಬರತ್ತೆ? ಇವತ್ತು ಶನಿವಾರ ಬೆಳಗ್ಗೆ ಬಿಟ್ಕೊಟ್ರೆ, ಆಮೇಲೆ ಇಡೀ ಆಟಾನೇ ಬಿಟ್ಕೊಟ್ಟಂಗೆ."

"ಮಾತು ಸರಿನಮ್ಮ. ಕಲಿಸೋರು ಯಾರು?" ಎಂದ ಆರ್ವೋ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನಾನು ನೋಡುತ್ತಿದ್ದೆ. ಒಟ್ಟಿಗೆ "ನಾವು" ಎಂದರು.

ಸಭಿಕರೇ, ಅವತ್ತೇ ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ನಮ್ಮ ಆಟದಲ್ಲಿ ಒಂದು ನಿಯಮವಿದೆ. ಬೆಂಚಿನಲ್ಲಿ ಒಬ್ಬ ವಯಸ್ಕ ಹೆಂಗಸು ಇರಲೇಬೇಕು. ಅವಳಿಲ್ಲದೆ ಮಕ್ಕಳು ಐಸಿಗೆ ಇಳಿಯುವಂತಿಲ್ಲ. ಈ ಮೂವರಿಗೂ ಆಗ ಇನ್ನೂ ಹದಿನೆಂಟು ತುಂಬಿರಲಿಲ್ಲ. ನಾನು ಕಾಫಿ ಪಾತ್ರೆ ಹಿಡಿದು ಮುಂದಿನ ಲೋಟಕ್ಕೆ ಬಗ್ಗಿಸುತ್ತಿದ್ದೆ. ಕಾಯಿಸಾ ನನ್ನ ಕಡೆ ತಿರುಗಿದಳು.

"ಮುಮ್ಮು ವಯಸ್ಕರು" ಎಂದಳು.

"ಮುಮ್ಮು ಹೆಂಗಸೂ ಹೌದು" ಎಂದಳು ರೋಕ್ಸಾನ್, ಪರೀಕ್ಷೆ ಮಾಡಿ ನೋಡಿದವಳ ಹಾಗೆ.

ನನ್ನ ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಈ ಎರಡು ಅರ್ಹತೆಗಳಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಒಪ್ಪಿಕೊಂಡೆ. ಆರ್ವೋ ನಕ್ಕ. ನಕ್ಕು ಹೇಳಿದ: "ಸರಿ. ಈ ಚಳಿಗಾಲ ನೋಡೋಣ. ಮಕ್ಕಳು ಬಂದ್ರೆ ಶನಿವಾರ ನಿಮ್ದು. ಬರ್ಲಿಲ್ಲ ಅಂದ್ರೆ ಹುಡುಗರದ್ದು. ಆಮೇಲೆ ಅಳಬಾರ್ದು, ಅಕ್ಕಾ."

ಅಳುವ ಮಾತು ಯಾರು ಎತ್ತಿದರು? ಆದರೂ ಹೇಳಿದ. ಚಿಕ್ಕಂದಿನಿಂದ ಅವನಿಗೆ ಆ ಅಭ್ಯಾಸ.

ಮಕ್ಕಳು ಬರಬೇಕಾದರೆ ಮೊದಲು ಕೈಗೆ ಕೋಲು ಕೊಡಬೇಕು. ರಿಂಗೆಟ್ ಕೋಲು ನೆಟ್ಟಗಿರುತ್ತದೆ. ಹಾಕಿ ಕೋಲಿನ ಹಾಗೆ ತುದಿಯಲ್ಲಿ ಸೊಟ್ಟ ಇರುವುದಿಲ್ಲ. ರಬ್ಬರಿನ ಉಂಗುರದ ನಡುವೆ ಕೋಲಿನ ತುದಿ ಚುಚ್ಚಿ ಎಳೆದುಕೊಂಡು ಓಡಬೇಕು. ಮೊದಲ ಶನಿವಾರ ಬಿಟ್ಟಿಯಾಗಿ ಆಡಿ ನೋಡಿ ಎಂದು ಹುಡುಗಿಯರು ಶಾಲೆಯ ಗೋಡೆಗೆಲ್ಲ ಚೀಟಿ ಅಂಟಿಸಿ ಬಂದರು. ಆದರೆ ಸಂಘದಲ್ಲಿ ಮಕ್ಕಳ ಅಳತೆಯ ಕೋಲುಗಳು ಬೆರಳೆಣಿಕೆಯಷ್ಟು. ನಾನು ಹೇಳಿದೆ, ಚಿಂತೆ ಬಿಡಿ, ಈ ಊರಲ್ಲಿ ಹಳೆ ಹಾಕಿ ಕೋಲಿಲ್ಲದ ಮನೆ ಯಾವುದಿದೆ? ಸೊಟ್ಟ ಕುಯ್ದು ಹಾಕಿದರೆ ನೆಟ್ಟಗಾಗುತ್ತದೆ.

ಮನೆ ಮನೆಗೆ ಹೋದೆ. ನೆಲಮಾಳಿಗೆ, ಗ್ಯಾರೇಜು, ಕೋಳಿಗೂಡು, ಎಲ್ಲೆಲ್ಲಿಂದಲೋ ಕೋಲು ಬಂದವು. ಆರ್ವೋ ಮನೆಯಲ್ಲಿ ಅವನಿರಲಿಲ್ಲ. ಅವನ ಹೆಂಡತಿ ಮಾರ್ಲೀನ್ ನೆಲಮಾಳಿಗೆಯಿಂದ ಒಂದು ಕಟ್ಟು ತಂದು, "ತಗೊಂಡ್ ಹೋಗಿ ಅತ್ತಿಗೆ, ಎಷ್ಟ್ ವರ್ಷದಿಂದ ಧೂಳು ಕುಡೀತಾ ಬಿದ್ದಿದೆ" ಎಂದಳು. ತೀರಿಹೋದ ನನ್ನ ಗಂಡ ರೈನೋನ ಗರಗಸ ನಮ್ಮ ಸೌನಾದ, ಅಂದರೆ ಬಿಸಿ ಹಬೆಯ ಸ್ನಾನದ ಮನೆಯ, ಪಕ್ಕದ ಕೊಟ್ಟಿಗೆಯಲ್ಲಿತ್ತು. ಸಂಜೆ ಕುಳಿತು ಒಂದೊಂದೇ ಕುಯ್ದೆ. ತುದಿಯ ಸೊಟ್ಟ ಒಂದು ಕಡೆ ಒಲೆಗೆ, ಉದ್ದದ ಕೋಲು ಮಕ್ಕಳ ಎದೆಯ ಎತ್ತರಕ್ಕೆ.

ಆ ಕಟ್ಟಿನಲ್ಲಿ ಒಂದು ಕೋಲಿತ್ತು. ಅದು ಯಾವ ಕೋಲು ಎಂದು ಈಗ ಇಡೀ ಊರಿಗೆ ಗೊತ್ತು. ನಮ್ಮೂರ ಹುಡುಗರು ಜಿಲ್ಲೆಯ ಕಪ್ ಗೆದ್ದು ತಂದ ವರ್ಷ ಆರ್ವೋ ಕೊನೆಯ ಗೋಲು ಹೊಡೆದ ಕೋಲು. ಇಡೀ ತಂಡ ಅದರ ಮೇಲೆ ಹೆಸರು ಬರೆದಿತ್ತು. ಅದನ್ನು ಗೋಡೆಗೆ ನೇತುಹಾಕಬೇಕೆಂದು ಆರ್ವೋ ಐವತ್ತು ವರ್ಷದಿಂದ ಮೊಳೆ ಹುಡುಕುತ್ತಿದ್ದ.

ನನಗೆ ಗೊತ್ತಾಗಲಿಲ್ಲ. ಇದನ್ನು ಈ ಮೈಕಿನಲ್ಲೂ ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಬೆಳಕು ಕಡಿಮೆ. ಕನ್ನಡಕ ಅಡುಗೆಮನೆಯಲ್ಲಿತ್ತು. ಕೋಲಿನ ಮೇಲೆ ಬರಹವಿದೆಯೋ ಕೊಳೆಯೋ ಯಾರಿಗೆ ಕಾಣುತ್ತದೆ? ಗರಗಸ ಹಿಡಿದೆ, ಕುಯ್ದೆ. ದೇವರ ದಯೆ, ಕೆಳಗಿನ ಕುಯ್ತ ಗೋಲಿ ಪೆಕ್ಕಾನ ಹೆಸರಿನ ಸರಿಯಾಗಿ ಒಂದು ಬೆರಳು ಕೆಳಗೆ ಬಂತು, ಮೇಲಿನದು ಆರ್ವೋ ಹೆಸರಿನ ಒಂದು ಬೆರಳು ಮೇಲೆ. ನಡುವಿನ ಹೆಸರು ಒಂದೂ ಕೆಡಲಿಲ್ಲ. ಅದೇ ತಂಡದಲ್ಲಿದ್ದ ನನ್ನ ರೈನೋನ ಹೆಸರಂತೂ ಹೊಸದರ ಹಾಗೆ ಇತ್ತು. ಕತ್ತಲೆಯಲ್ಲಿ ಅಂಥ ಕೆಲಸ ಹೇಗೆ ಬಂತೋ ನನಗೇ ಆಶ್ಚರ್ಯ.

ನೀವು ನಗುತ್ತಿದ್ದೀರಿ. ಆರ್ವೋ ನಗಲಿಲ್ಲ. ಮಾರ್ಲೀನ್ ಬಾಯಿಂದ ವಿಷಯ ಕೇಳಿ ನಮ್ಮ ಅಂಗಳಕ್ಕೆ ಬಂದ. ಸೌದೆ ರಾಶಿಯ ಮೇಲೆ ಆ ಸೊಟ್ಟ ತುದಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಕುಯ್ದ ಜಾಗದ ಮೇಲೆ ಬೆರಳಾಡಿಸಿದ.

"ಏನ್ ಮಾಡ್ಬಿಟ್ಟೆ ಅಕ್ಕಾ" ಎಂದ.

"ಮಕ್ಕಳಿಗೆ ಕೋಲು ಬೇಕಿತ್ತು" ಎಂದೆ.

"ಊರಲ್ಲಿ ಬೇರೆ ಕೋಲಿರ್ಲಿಲ್ವಾ?"

"ಇತ್ತು. ಅವನ್ನೂ ಕುಯ್ದೆ."

ಅವನು ತಿರುಗಿ ಹೋದ. ಶನಿವಾರ ಸಂಜೆ ನಮ್ಮ ಮನೆಯ ಸೌನಾಕ್ಕೆ ಬರಲಿಲ್ಲ. ಅಪ್ಪ ಇದ್ದ ಕಾಲದಿಂದ ಶನಿವಾರ ಸಂಜೆ ಎಲ್ಲರೂ ಅಲ್ಲೇ. ಯಾರ ಮದುವೆಯಾದರೂ, ಯಾರಿಗೆ ಜ್ವರ ಬಂದರೂ ಅದು ತಪ್ಪಿದ್ದಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಕ್ರಿಸ್‌ಮಸ್‌ಗೂ ಬರಲಿಲ್ಲ. ಬಿಸಿ ಕಲ್ಲಿನ ಮೇಲೆ ನೀರು ಹಾಕಿ ಒಬ್ಬಳೇ ಕೂತುಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಹಲಗೆ ಅಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆ ಸೌನಾದ ಹಿಂದೆಯೇ, ಸಭಿಕರೇ, ಅಪ್ಪ ನಮ್ಮ ಚಿಕ್ಕಂದಿನಲ್ಲಿ ಐಸಿನ ಅಂಗಳ ಮಾಡುತ್ತಿದ್ದರು. ಆರ್ವೋ, ರೈನೋ, ಪೆಕ್ಕಾ, ಎಲ್ಲ ಆಡಿ ಬೆಳೆದದ್ದು ಅಲ್ಲಿ. ಹಿಮ ಗೋರುವುದು ನನ್ನ ಕೆಲಸ. ಬಿಸಿನೀರು ಹೊಯ್ದರೆ ಐಸು ಕನ್ನಡಿಯ ಹಾಗೆ ಕೂರುತ್ತದೆ, ಆದ್ದರಿಂದ ಸೌನಾದ ಹಂಡೆಯಿಂದ ಬಕೆಟ್ಟು ಹೊರುವುದೂ ನನ್ನದೇ. ನನಗೆ ಸ್ಕೇಟ್ ಇರಲಿಲ್ಲ. ಬೇಕೆಂದು ನಾನು ಕೇಳಿದವಳೂ ಅಲ್ಲ. ಒಂದೇ ಸಲ ಕೇಳಿದ್ದೆ. ಅಪ್ಪ ಕೆಟ್ಟವರಲ್ಲ, "ನಿಂಗ್ಯಾಕಮ್ಮ" ಎಂದು ಪ್ರೀತಿಯಿಂದಲೇ ಹೇಳಿದರು. ಹುಡುಗರು ಊಟಕ್ಕೆ ಒಳಗೆ ಹೋದ ಮೇಲೆ ನಾನು ಪೊರಕೆ ಹಿಡಿದು ಐಸು ಗುಡಿಸಬೇಕಿತ್ತು. ಉಣ್ಣೆಯ ಬೂಟಿನಲ್ಲಿ ಚೆನ್ನಾಗಿ ಜಾರುತ್ತದೆ ಎಂದಷ್ಟೇ ಹೇಳುತ್ತೇನೆ. ಗುಡಿಸುವುದು ಬೇಗ ಮುಗಿಯುತ್ತಿತ್ತು. ನಾನು ಬೇಗ ಒಳಗೆ ಹೋಗುತ್ತಿರಲಿಲ್ಲ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಹುಡುಗಿಯರ ಬಗ್ಗೆ ಮಾತಾಡಬೇಕಾಗಿತ್ತು. ಜಿನೆಟ್ ಗಡಿಯಾರ ನೋಡುತ್ತಿದ್ದಾರೆ. ನೋಡಲಿ.

ಹುಡುಗಿಯರು ಹೇಗೆ ಕಲಿಸಿದರು ಎಂಬುದನ್ನು ನೋಡಿದವಳು ನಾನು, ಬೆಂಚಿನಲ್ಲಿ ಕೂತು. ಆಟ ಕಲಿಸುವುದೆಂದರೆ ಮೊದಲು ಲೇಸು ಕಟ್ಟುವುದು. ಇಪ್ಪತ್ತು ಮಕ್ಕಳೆಂದರೆ ನಲವತ್ತು ಪಾದ. ಕಟ್ಟಿ ಮುಗಿಯುವಷ್ಟರಲ್ಲಿ ಮೊದಲನೆಯವಳಿಗೆ ಮೂತ್ರ ಬಂದಿರುತ್ತದೆ, ಮತ್ತೆ ಬಿಚ್ಚಬೇಕು. ದೊಡ್ಡ ತಂಡದ ನಾಯಕಿ, ಊರೆಲ್ಲ ಚಪ್ಪಾಳೆ ತಟ್ಟುವ ರೋಕ್ಸಾನ್, ಮಂಡಿಯೂರಿ ಒದ್ದೆ ನೆಲದ ಮೇಲೆ ಕೂತು ಮಕ್ಕಳ ಮೂಗು ಒರೆಸುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ.

ರೋಕ್ಸಾನ್, ಮುಖ ಮುಚ್ಚಿಕೊಳ್ಳಬೇಡ. ಇನ್ನೂ ಹೇಳುವುದಿದೆ. ದೊಡ್ಡ ಪಟ್ಟಣದ ತಂಡದವರು ಇವಳನ್ನು ಈ ವರ್ಷ ಆಡಲು ಕರೆದಿದ್ದರು. ಅವರ ಅಭ್ಯಾಸ ಶನಿವಾರ ಬೆಳಿಗ್ಗೆ. "ಮಧ್ಯಾಹ್ನದ ಮೇಲಾದ್ರೆ ಬರ್ತೀನಿ" ಎಂದು ಇವಳು ಹೇಳಿದಳು. ಅವರು ಸರಿ ಎಂದರು, ಆದರೆ ಬೆಳಗಿನ ಅಭ್ಯಾಸಕ್ಕೆ ಬಾರದವಳನ್ನು ಹೆಚ್ಚಿನ ಪಂದ್ಯಗಳಲ್ಲಿ ಹೊರಗೆ ಕೂರಿಸಿದರು. ಇದು ಅವಳ ತಾಯಿಗೆ ಈಗಲೇ ತಿಳಿಯುತ್ತಿದೆ ಎಂದು ಅವರ ಮುಖ ಹೇಳುತ್ತಿದೆ. ಕ್ಷಮಿಸಿ, ಸಿಲ್ವಿ. ನಿಮ್ಮ ಮಗಳು ಕಾಲುನೋವೆಂದು ಹೇಳಿದ್ದಳು, ಅಲ್ಲವೇ? ಕಾಲು ಚೆನ್ನಾಗಿಯೇ ಇತ್ತು.

ಮಾಯುಮಿಯ ವಿಷಯ ಹೇಳದೆ ಹೋದರೆ ನನ್ನ ಮಾತು ಅರ್ಧ. ಆರು ವರ್ಷದವಳು. ತಾಯಿ ಲಿಗಾಯ ಫಿಲಿಪ್ಪೀನ್ಸ್‌ನಿಂದ ಬಂದವರು, ನಮ್ಮೂರ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ. ಪಾಳಿ ಮುಗಿಸಿ ಮಗಳನ್ನು ನೇರ ಅಂಗಣಕ್ಕೆ ಕರೆತಂದು, ಮೇಲಿನ ಬೆಂಚಿನಲ್ಲಿ ಕೋಟು ಹೊದ್ದು ನಿದ್ದೆ ಹೋಗುತ್ತಿದ್ದರು. ಮಾಯುಮಿ ಐಸಿನ ಮೇಲೆ ಕಾಲಿಟ್ಟವಳೇ ಅಂಗಾತ ಮಲಗಿದಳು. ಎರಡನೆಯ ವಾರವೂ ಮಲಗಿದಳು. ಮೂರನೆಯ ವಾರವೂ. ಎಬ್ಬಿಸಿದರೆ ಮತ್ತೆ ಮಲಗುತ್ತಾಳೆ. ನಾನಾಗಿದ್ದರೆ ಕೈ ಹಿಡಿದು ಎಳೆಯುತ್ತಿದ್ದೆ. ಕಾಯಿಸಾ ಏನು ಮಾಡಿದಳು? ಗೋಲಿಯ ಅಷ್ಟು ದಪ್ಪ ಉಡುಪಿನಲ್ಲಿ ಹೋಗಿ ಅವಳ ಪಕ್ಕ ತಾನೂ ಮಲಗಿದಳು.

"ಏನ್ ನೋಡ್ತಿದೀಯ?"

"ದೀಪ ಎಣಿಸ್ತಿದೀನಿ. ಮಾತಾಡಿಸ್ಬೇಡ."

ಕಾಯಿಸಾ ಸುಮ್ಮನೆ ತಾನೂ ಎಣಿಸಿದಳು. "ಆ ಮೂಲೇದು ಬಿಟ್ಬಿಟ್ಟೆ ನೀನು" ಎಂದಳು.

"ಆ ಮೂಲೆ ಇಲ್ಲಿಂದ ಕಾಣಲ್ಲ."

"ಹಾಗಿದ್ರೆ ಅಲ್ಲಿಗೇ ಹೋಗಿ ಎಣಿಸ್ಬೇಕಪ್ಪ."

ಮಗು ಕತ್ತೆತ್ತಿ ಆ ಮೂಲೆಯ ಕಡೆ ನೋಡಿತು. ಎದ್ದಿತು. ಬಿದ್ದಿತು. ಎದ್ದಿತು. ಆ ಮೂಲೆಗೆ ಹೋಗಿ ಮಲಗಿತು. ಹಾಗೆ ಮೂಲೆಯಿಂದ ಮೂಲೆಗೆ ದೀಪ ಎಣಿಸುತ್ತ ಎಣಿಸುತ್ತ ಮಾಯುಮಿ ಸ್ಕೇಟಿಂಗ್ ಕಲಿತಳು. ಇದು ಯಾವ ತರಬೇತಿಯಲ್ಲಿ ಹೇಳಿಕೊಡುತ್ತಾರೋ ನನಗೆ ಗೊತ್ತಿಲ್ಲ. ಮೊಮ್ಮಗಳೆಂದು ಹೊಗಳುತ್ತಿಲ್ಲ. ಇಲ್ಲ, ಮೊಮ್ಮಗಳೆಂದೇ ಹೊಗಳುತ್ತಿದ್ದೇನೆ, ಬಿಡಿ.

ಎದ್ದು ನಿಂತ ಮಗುವಿಗೆ ಕೋಲು ಬೇಕಲ್ಲ. ರಾಶಿಯಲ್ಲಿ ಉಳಿದದ್ದರಲ್ಲಿ ಅವಳೇ ಒಂದು ಆರಿಸಿಕೊಂಡಳು. ಬೇರೆಯವರ ಕೋಲಿಗೆ ಏನೂ ಇಲ್ಲ, ಇದರ ಮೇಲೆ ತುಂಬಾ ಹೆಸರಿವೆ ಎಂಬುದೇ ಅವಳ ಕಾರಣ. ನಾನು ಅಡ್ಡ ಹೋಗಲಿಲ್ಲ.

ಈಗ ಫೆಬ್ರವರಿಯ ಆ ಶನಿವಾರ. ನಿಮಗೆಲ್ಲ ನೆನಪಿದೆ, ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುವ ಚಳಿ. ಶಾಲಾ ಬಸ್ಸುಗಳು ವಾರವೆಲ್ಲ ನಿಂತಿದ್ದವು. ಹುಡುಗರ ಹಾಕಿಯ ಅಭ್ಯಾಸ ರದ್ದಾಗಿತ್ತು. ಆರ್ವೋ ಬೀಗದ ಕೈ ಹಿಡಿದು ಅಂಗಣಕ್ಕೆ ಬಂದ. ಏಕೆ ಬಂದ? ನಮ್ಮ ಮಕ್ಕಳು ಯಾರೂ ಬಂದಿರುವುದಿಲ್ಲ, ದೀಪ ಆರಿಸಿ ಹೋಗೋಣ, ಸಮಿತಿಗೆ ಹಾಗೆ ಹೇಳೋಣ ಎಂದು ಬಂದಿರಬೇಕು. ತಪ್ಪಾಗಿದ್ದರೆ ಆಮೇಲೆ ಇದೇ ಮೈಕಿನಲ್ಲಿ ಹೇಳಲಿ.

ಒಳಗೆ ಬಂದು ನೋಡಿದರೆ ಐಸು ತುಂಬ ಮಕ್ಕಳು. ರೋಕ್ಸಾನ್ ತನ್ನ ಅಪ್ಪನ ಟ್ರಕ್ಕು ತೆಗೆದುಕೊಂಡು ಮನೆ ಮನೆಗೆ ಹೋಗಿದ್ದಳು. ಡ್ಯಾನಿ ಸೇತುವೆಯಾಚೆಯ ಮಕ್ಕಳನ್ನು ತನ್ನ ಚಿಕ್ಕಪ್ಪನ ವ್ಯಾನಿನಲ್ಲಿ ತುಂಬಿಕೊಂಡು ತಂದಿದ್ದಳು. ಲಿಗಾಯ ಮಗಳನ್ನು ಬೆನ್ನಿಗೆ ಹಾಕಿಕೊಂಡು ನಡೆದೇ ಬಂದಿದ್ದರು. ಆರ್ವೋ ನನ್ನ ಕಡೆ ನೋಡಲಿಲ್ಲ. ಬೆಂಚಿನ ಪಕ್ಕ ಬಂದು ನಿಂತ. ಮೊದಲ ಸಲ ತನ್ನ ಕೋಲು ಕಂಡ. ಅದು ಮಾಯುಮಿಯ ಕೈಯಲ್ಲಿತ್ತು.

ಅವನು ಕೈಗವಸು ಕಳಚಿದ. ವಾಪಸ್ ತೆಗೆದುಕೊಳ್ಳುತ್ತಾನೆ ಎಂದುಕೊಂಡೆ. ಆದರೆ ಆ ಹೊತ್ತಿಗೆ ಸರಿಯಾಗಿ ಉಂಗುರ ಅವಳ ಕೋಲಿಗೆ ಸಿಕ್ಕಿತು. ಮುಂದೆ ಯಾರೂ ಇಲ್ಲ, ಖಾಲಿ ಐಸು, ದೂರದಲ್ಲಿ ಗೋಲು. ಐವತ್ತು ವರ್ಷ ಹಾಕಿಯಲ್ಲಿ ಬೆಂದವನು ಸುಮ್ಮನಿರುತ್ತಾನೆಯೇ?

"ನುಗ್ಗು ಮಗಾ, ನುಗ್ಗು" ಎಂದು ಕೂಗಿದ. "ಯಾರಿಗೂ ಕೊಡ್ಬೇಡ. ಸೀದಾ ಹೊಡ್ಕೊಂಡ್ ಹೋಗು."

ಮಗು ನುಗ್ಗಿತು. ಉಂಗುರ ಸಮೇತ ನೀಲಿ ಗೆರೆ ದಾಟಿತು. ಕಾಯಿಸಾ ಸೀಟಿ ಊದಿದಳು.

ಗೊತ್ತಿಲ್ಲದವರು ಈ ಸಭೆಯಲ್ಲಿ ಮೇಯರ್ ಒಬ್ಬರೇ ಇರಬೇಕು, ಅವರಿಗಾಗಿ ಹೇಳುತ್ತೇನೆ. ನಮ್ಮ ಆಟದಲ್ಲಿ ನೀಲಿ ಗೆರೆಯ ಆಚೆಗೆ ಉಂಗುರವನ್ನು ಯಾರೂ ತಾವೇ ಒಯ್ಯುವಂತಿಲ್ಲ. ಗೆರೆಯಾಚೆ ಇರುವ ಜೊತೆಗಾತಿಗೆ ತಳ್ಳಬೇಕು. ಎಂಥ ಆಟಗಾರ್ತಿಯಾದರೂ ಅಷ್ಟೇ. ಪುಟ್ಟವರಿಗೆ ಇದರಲ್ಲಿ ಸಡಿಲಿಕೆ ಕೊಡಬಹುದು ಎನ್ನುತ್ತಾರೆ. ನಮ್ಮ ಹುಡುಗಿಯರು ಮೊದಲ ದಿನದಿಂದಲೇ ಕಲಿಸಿದರು.

ಮಾಯುಮಿ ಗರ್ರನೆ ತಿರುಗಿ ಸೀದಾ ಬೆಂಚಿಗೆ ಬಂದಳು. ಅವರ ಭಾಷೆಯಲ್ಲಿ ಅಜ್ಜನಿಗೆ ಲೋಲೋ ಎನ್ನುತ್ತಾರೆ.

"ಲೋಲೋ, ನಿಮ್ಮಿಂದ ತಪ್ಪಾಯ್ತು. ಗೆರೆ ಹತ್ರ ಬಂದ್ರೆ ಕೊಟ್ಬಿಡ್ಬೇಕು."

ಆರ್ವೋ ಮುಂದೆ ಈ ಊರಿನಲ್ಲಿ ಹಾಗೆ ಮಾತಾಡುವವಳು ನಾನೊಬ್ಬಳೇ ಇದ್ದೆ. "ಯಾರಿಗ್ ಕೊಡ್ಬೇಕು?" ಎಂದ.

"ಯಾರಿದಾರೋ ಅವ್ರಿಗೆ."

"ಅವ್ರು ನಿನ್ನಷ್ಟು ಚೆನ್ನಾಗಿ ಆಡ್ದೇ ಇದ್ರೆ?"

ಮಗುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆದ್ರೂ ಅವ್ರು ಆಚೆ ಕಡೆ ಇದಾರಲ್ಲ, ಲೋಲೋ" ಎಂದಳು. ಕೋಲು ಕೈಯಿಂದ ಜಾರುತ್ತಿತ್ತು, ಕೈಗವಸಿನ ತುದಿಯಿಂದ ಹಿಡಿದುಕೊಂಡಿದ್ದಳು. ಆರ್ವೋ ಕೈ ಚಾಚಿದ. ಅವಳು ಕೊಟ್ಟಳು. ಅವನು ಜೇಬಿನಿಂದ ಕಪ್ಪು ಟೇಪು ತೆಗೆದು, ಹಲ್ಲಿನಿಂದ ಹರಿದು, ಕೋಲಿನ ಮೇಲ್ತುದಿಗೆ ಹಿಡಿಯಾಗುವಂತೆ ಸುತ್ತಿದ. ಅವನ ಹೆಸರೇ ಟೇಪಿನ ಅಡಿಗೆ ಹೋಯಿತು. ವಾಪಸ್ ಕೊಟ್ಟ. "ಹೋಗು, ನಿನ್ ಸರದಿ ಹೋಗತ್ತೆ" ಎಂದ.

ಇದರ ಅರ್ಥ ಏನೆಂದು ನಾನು ವಿವರಿಸುವುದಿಲ್ಲ. ಪಾದ್ರಿಗಳು ಸಭೆಯಲ್ಲಿದ್ದಾರೆ, ಅವರ ಕೆಲಸ ಅವರಿಗಿರಲಿ.

ಅಲ್ಲಿಗೆ ಎಲ್ಲ ಗೆದ್ದೆವು ಎಂದುಕೊಂಡಿರೇ? ನನ್ನ ತಮ್ಮ ಅಷ್ಟು ಸುಲಭದವನಲ್ಲ. ಅಭ್ಯಾಸ ಮುಗಿದ ಮೇಲೆ ರೋಕ್ಸಾನ್‌ಳನ್ನು ಕರೆದ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ, ಆದ್ದರಿಂದ ಹೇಳುತ್ತೇನೆ.

"ಈ ವರ್ಷ ನೀವಿದೀರಿ, ಸರಿ. ಸೆಪ್ಟೆಂಬರ್‌ಗೆ ಮೂರೂ ಜನ ಕಾಲೇಜು ಅಂತ ಹೊರಡ್ತೀರಿ. ಆಮೇಲೆ? ಈ ಸಮಿತಿ ಪ್ರತಿ ವರ್ಷ ಇದೇ ಪುರಾಣ ಕೇಳ್ಬೇಕಾ?"

ರೋಕ್ಸಾನ್ ಗಲ್ಲ ಎತ್ತಿ ಐಸಿನ ಕಡೆ ತೋರಿಸಿದಳು. ಅಲ್ಲಿ ಹದಿಮೂರು ವರ್ಷದ ಮೂರು ಹುಡುಗಿಯರು ಉಂಗುರಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ನವೆಂಬರ್‌ನಿಂದ ಒಬ್ಬೊಬ್ಬ ದೊಡ್ಡವಳ ಹಿಂದೆ ಒಬ್ಬೊಬ್ಬಳು ಬರುತ್ತಿದ್ದಳು. ನಾನು ಸ್ನೇಹಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಬೆಂಚಿನಲ್ಲಿ ಕೂತಿದ್ದ ನನಗೇ ಗೊತ್ತಿರಲಿಲ್ಲ. ಲೇಸು ಕಟ್ಟುವುದು, ಮೂಗು ಒರೆಸುವುದು, ಮಲಗಿದ ಮಗುವಿನ ಪಕ್ಕ ಮಲಗುವುದು, ಎಲ್ಲವನ್ನೂ ಇವರು ಸದ್ದಿಲ್ಲದೆ ಅವರಿಗೆ ಕಲಿಸಿಬಿಟ್ಟಿದ್ದರು. ಡ್ಯಾನಿಯ ಹಿಂದೆ ಬರುವ ಹುಡುಗಿ ಈಗ ಡ್ಯಾನಿಗಿಂತ ಜೋರಾಗಿ ಗದರಿಸುತ್ತಾಳೆ.

ಆರ್ವೋ ಆ ಹುಡುಗಿಯರನ್ನು ಎಣಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಕೋಲು ಕುಯ್ದ ದಿನದಿಂದ ನನ್ನೊಡನೆ ಆಡದ ಮಾತನ್ನು ಅವತ್ತು ಆಡಿದ. "ಆ ಬೆಂಚಿಗೆ? ಈ ಸೊಂಟ ಇಟ್ಕೊಂಡು ನೀನು ಬರೋ ವರ್ಷ ಕೂರ್ತೀಯಾ ಅಕ್ಕಾ?"

ಹೌದು, ಸಭಿಕರೇ. ಸೆಪ್ಟೆಂಬರ್‌ನಲ್ಲಿ ನನ್ನ ಸೊಂಟದ ಮೂಳೆ ಬದಲಾಯಿಸುತ್ತಾರೆ. ನಾನು ಐಸಿನ ಮೇಲೆ ಬಿದ್ದು ಹೀಗಾಯಿತೆಂದು ಊರಲ್ಲಿ ಸುದ್ದಿಯಿದೆ. ಅದು ಸುಳ್ಳು. ಡಾಕ್ಟರು ಹೇಳಿದ್ದು ಹಳೆಯ ಸವೆತ ಎಂದು. ಜನವರಿಯಲ್ಲಿ ಒಂದು ದಿನ ಹುಡುಗಿಯರು ನನ್ನ ಕಾಲಿಗೂ ಸ್ಕೇಟ್ ಕಟ್ಟಿದ್ದು ನಿಜ. ಕುರ್ಚಿ ಹಿಡಿದು ತಳ್ಳಿಕೊಂಡು ಹೋದದ್ದು ನಿಜ. ಒಂದು ಸಲ ಕುರ್ಚಿ ಬಿಟ್ಟಿದ್ದೂ ನಿಜ. ಬಿದ್ದೆನೋ ಇಲ್ಲವೋ ಎಂಬುದು ಬೇರೆ ಮಾತು. ಬಿಟ್ಟಾಗ ಐಸು ಕಾಲಡಿಯಲ್ಲಿ ಹೇಗೆ ಹೋಯಿತು ಎಂದರೆ... ಇರಲಿ. ಆ ವಿಷಯ ಇವತ್ತಿನದಲ್ಲ.

ಆರ್ವೋ ಅವತ್ತು ಹೇಳಿದ್ದು ಇಷ್ಟು. "ಹುಡುಗೀರು ಆಯ್ತು. ಹೆಂಗಸು ಬೇಕು. ಆಟದ ಕಾಲ ಮುಗಿಯೋ ಊಟದ ದಿನ ಹೆಸರು ಹೇಳಿ. ಸೋಮವಾರ ಸಮಿತಿ ಕೂರತ್ತೆ. ಹೆಸರಿಲ್ಲ ಅಂದ್ರೆ ನನ್ ಕೈಲಿ ಏನೂ ಇಲ್ಲ, ನಿಯಮ ನಿಯಮಾನೇ." ಅವತ್ತು ಸಂಜೆ ಸೌನಾಕ್ಕೆ ಬಂದ. ತನ್ನ ಜಾಗದಲ್ಲಿ ಕೂತ. ಕಲ್ಲಿಗೆ ನೀರು ಹಾಕಿದ. ಹೆಸರಿಲ್ಲದೆ ಹೋದರೆ ಅವನು ಏನು ಮಾಡುತ್ತಾನೆಂದು ನಾನು ಕೇಳಲಿಲ್ಲ, ಏಕೆಂದರೆ ನನಗೆ ಗೊತ್ತು. ಅವನು ನಿಯಮ ಮುರಿಯುವವನಲ್ಲ. ಅಪ್ಪನ ಮಗ.

ಊಟದ ದಿನ ಇವತ್ತು. ನಾನು ಈ ಎರಡು ತಿಂಗಳು ಹೋಗದ ಮನೆಯಿಲ್ಲ, ಕೇಳದ ಹೆಂಗಸಿಲ್ಲ. ಒಬ್ಬರಿಗೆ ಕೂಸು, ಒಬ್ಬರಿಗೆ ಕೆಲಸ. "ನಂಗೆ ಆಟ ಗೊತ್ತಿಲ್ವಲ್ಲ ಮುಮ್ಮು" ಎಂದವರೇ ಹೆಚ್ಚು. ಯಾರನ್ನೂ ದೂರುತ್ತಿಲ್ಲ. ಆದರೆ ನನ್ನ ಹತ್ತಿರ ಹೆಸರಿಲ್ಲ. ಈ ಮೂವರು ಹುಡುಗಿಯರು ಒಂದು ಚಳಿಗಾಲ ಪೂರ್ತಿ ಎತ್ತಿ ಹಿಡಿದದ್ದನ್ನು ನಾನು ಖಾಲಿ ಕೈಯಲ್ಲಿ ನಿಂತು ಕೆಳಗೆ ಹಾಕುತ್ತಿದ್ದೇನೆ. ಚಪ್ಪಾಳೆ ತಟ್ಟಿ, ಹೂಗುಚ್ಛ ಕೊಟ್ಟು ಕಳಿಸುವುದು ಸುಲಭ. ಅವರು ಕೇಳಿದ್ದು ಅದಲ್ಲ.

ಆದ್ದರಿಂದ ಮೈಕಿನಲ್ಲೇ ಕೇಳುತ್ತೇನೆ. ಆಟ ಗೊತ್ತಿರಬೇಕಾಗಿಲ್ಲ. ನನಗೆ ಗೊತ್ತಿತ್ತೇ? ಸ್ಕೇಟಿಂಗ್ ಬರಬೇಕಾಗಿಲ್ಲ. ಸಂಘ ಕೊಡುವ ಚಿಕ್ಕ ತರಬೇತಿಗೆ ಎರಡು ಸಂಜೆ ಬಂದರೆ ಸಾಕು. ಶನಿವಾರ ಬೆಳಿಗ್ಗೆ ಆ ಬೆಂಚಿನಲ್ಲಿ ಕೂರಬೇಕು. ಚಳಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಯಾರಾದರೂ ಇದ್ದರೆ ಕೈ ಎತ್ತಿ. ಅವಸರವಿಲ್ಲ. ನಾನು ಅಷ್ಟರಲ್ಲಿ ನೀರು ಕುಡಿಯುತ್ತೇನೆ.

...

ಯಾರು ಅದು, ಹಿಂದೆ, ಕೋಟು ನೇತುಹಾಕಿರುವ ಕಡೆ? ಈ ದೀಪ ಕಣ್ಣಿಗೆ ಹೊಡೆಯುತ್ತಿದೆ.

ಲಿಗಾಯ, ನೀನೇನಮ್ಮ? ಸರಿಯಾಗಿ ಎತ್ತು. ಅರ್ಧ ಎತ್ತಿದ್ರೆ ತಲೆ ಕೆರ್ಕೊಳ್ತಿದೀಯ ಅಂದ್ಕೋತಾರೆ. ಏನಂದೆ? ರಾತ್ರಿ ಪಾಳಿ ಮುಗಿಸಿ ಹೇಗಿದ್ರೂ ಅಲ್ಲೇ ಇರ್ತೀಯ, ನಿದ್ದೆ ಮಾಡೋ ಬದ್ಲು ಕೆಳಗ್ ಬಂದು ಕೂರ್ತೀಯ? ನಿದ್ದೆ ಬಂದ್ರೆ? ಬರಲ್ಲಮ್ಮ. ಇಪ್ಪತ್ತು ಮಕ್ಕಳು ಇರೋ ಬೆಂಚಲ್ಲಿ ಯಾರಿಗೂ ನಿದ್ದೆ ಬಂದಿಲ್ಲ. ಭಾನುವಾರ ಮಲಗು.

ಕೈ ಇಳಿಸ್ಬೇಡ. ಆರ್ವೋ ಬರ್ಕೊಳ್ಳೋ ತನಕ ಹಾಗೇ ಹಿಡ್ಕೊಂಡಿರು. ಅವನ ಹತ್ರ ಪೆನ್ನಿಲ್ಲ, ಮಾರ್ಲೀನ್, ನಿನ್ನ ಚೀಲದಲ್ಲಿ ನೋಡು. ಪೆನ್ನು ಕೊಡೋಕೆ ಎದ್ದೆ ತಾನೇ? ಮತ್ತೆ ಯಾಕೆ ಕೈ ಎತ್ಕೊಂಡ್ ನಿಂತಿದೀಯ? ಲಿಗಾಯಗೆ ಬೇರೆ ಪಾಳಿ ಬಿದ್ದ ವಾರ ನೀನಾ? ಗಂಡನ್ನ ಕೇಳಿದ್ಯಾ? ಕೇಳ್ಬೇಕಾಗಿಲ್ಲ ಅಂತೀಯ. ಸರಿ, ಅದೂ ಸರಿ.

ಎರಡೂ ಹೆಸರು ಬರೆದುಕೊಂಡಿದ್ದಾನೆ, ನಾನು ಇಲ್ಲಿಂದ ನೋಡುತ್ತಿದ್ದೇನೆ.

ರೋಕ್ಸಾನ್, ಡ್ಯಾನಿ, ಕಾಯಿಸಾ, ನೀವು ಮೂವರೂ ಇನ್ನು ನಿಶ್ಚಿಂತೆಯಿಂದ ಹೊರಡಿ. ನೀವು ಕೊಟ್ಟದ್ದನ್ನು ಹಿಡಿದುಕೊಳ್ಳಲು ಆಚೆ ಕಡೆ ಜನ ಇದ್ದಾರೆ. ಅಧ್ಯಕ್ಷೆ ಜಿನೆಟ್ ಅವರೇ, ನನ್ನ ಐದು ನಿಮಿಷ ಸ್ವಲ್ಪ ಉದ್ದವಾಯಿತು, ಸಹಿಸಿಕೊಂಡಿರಿ, ವಂದನೆ. ಮೇಯರ್ ಅವರೇ, ಎಚ್ಚರವಾಗಿದ್ದಿರಿ, ವಂದನೆ. ಅಡುಗೆಮನೆಯಲ್ಲಿ ಇವತ್ತು ನನ್ನ ಬದಲು ನಿಂತವರಿಗೆ ವಂದನೆ. ನನ್ನನ್ನು ಇಲ್ಲಿಗೆ ಹತ್ತಿಸಿದ ಹುಡುಗಿಯರಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ, ಅದನ್ನು ಹೇಳದೆಯೇ ಬಿಡುತ್ತೇನೆ.

ಆರ್ವೋ, ಎದ್ದು ಬಾ. ಮುಂದಿನ ಮಾತು ನಿನ್ನದು.

ಎಲ್ಲರಿಗೂ ನಮಸ್ಕಾರ.